ತೇಪೆ

ಹಾರಿ ಬರಲಿಲ್ಲ ಹುಲುಗಪ್ಪ,
ಕೌಲ್‌ಬಜಾರಿನ ನನ್ನ ಜೀನ್ಸ್ ಅಂಗಡಿಗೆ ಆಟೋದಲ್ಲಿ ಬಂದ.
ಬಾಡಿಗೆ ನಾನೇ ಕೊಟ್ಟೆ.

“ಹೋದ್ಲಲೇ ವಲಿ.”
ಅದಿರಿನ ಲಾರಿ ಎತ್ತಿ ಹಿಡಿದಿದ್ದ ಕೈಯಲ್ಲಿ
ಚಹಾದ ಗ್ಲಾಸು ಟಕಟಕ.

ಆರು ವರ್ಷ ಇವನ ನೆರಳಲ್ಲಿ ಬೈಕು ಓಡಿಸಿದವ ನಾನು;
ಪೇಪರಿನ ಫೋಟೋದಲ್ಲೆಲ್ಲ ಬರೀ ನನ್ನ ಮೊಣಕೈ.
ಅದಕ್ಕೇ ಜಗಳಾಡಿ ಬಿಟ್ಟಿದ್ದು.
ಷಮೀಮಳಿಗೆ ನಿನ್ನೆ ಗುಂತಕಲ್ಲಿನಲ್ಲಿ ನಿಕಾಹ್ ಆಯಿತೆಂದು
ಹೇಳಲಿಲ್ಲ.

ಅವನ ಹರಿದ ಕೆಂಪು ಹೊದಿಕೆಗೆ
ನೀಲಿ ತೇಪೆ ಹಾಕುತ್ತಾ ಕೂತೆ.
ಸೂಜಿ ಎರಡು ಸಲ ಬೆರಳಿಗಿಳಿಯಿತು.
ಗೋಡೆಯಾಚೆ ಕಾಣುವ ಕಣ್ಣು
ಮೊದಲ ಸಲ ಈಚೆ ನೋಡಿತು:
“ನಿಂದೇನಲೇ?”

ಶಟರ್ ಎಳೆದೆವು. ಗುಡ್ಡದ ಮೇಲೆ ಕೋಟೆಯ ದೀಪ ಆರಿತ್ತು.
“ಹಾರಾಣೇನು?”
“ಬ್ಯಾಡಪ. ನಡೆಯಾಣ,
ಇವತ್ತು ಕಾಲಾದ್ರೂ ನೋಯ್ಲಿ.”