ತಳದ ಕಲ್ಲು

ಒಂಬತ್ತಕ್ಕೇ ಬಂಡೆ ಮುಟ್ಟಲಾಗದು.
ಜುವೈನಾಳ ಚಪ್ಪಲಿಗೆ ಟೈರಿನ ಅಟ್ಟೆ,
ನನ್ನ ಹೊಸ ಬೂಟಿನ ತುಂಬ ಮರಳು.
"ಒಣಹೊಳೆಯಲ್ಲಿ ಹೊಳೆಯ ಹಾಗೇ ನಡೀಬೇಕು,
ಕಲ್ಲು ಹತ್ತಬಾರದು, ಬಳಸಬೇಕು"
ಅಂದಳು, ತಿರುಗಿಯೂ ನೋಡದೆ.

ಮಸ್ಕತ್ತಿನ ಹೈಥಮ್ ಬಾಟಲಿ ಅಲ್ಲಾಡಿಸಿದ:
ಮೂರು ಗುಟುಕು, ಅದೂ ಚಹಾದಷ್ಟು ಬಿಸಿ.
ದಾರಿಗೊಂದೇ ಎಲಚಿ ಮರ. ಅದರ ನೆರಳು
ಒಂದು ಮೇಕೆಗಾಗುವಷ್ಟಿತ್ತು;
ಮೇಕೆ ಏಳಲಿಲ್ಲ.

ಆಮೇಲೆ ಕಣಿವೆ ಹೆಗಲು ಕುಗ್ಗಿಸಿತು.
ಮೊದಲು ಕಪ್ಪೆಯ ದನಿ, ಹಿಂದೆಯೇ ತಂಪು,
ಕೊನೆಗೆ ನೀರು,
ಹಸಿರು, ಯಾರೂ ಕಲಕದ್ದು.
ಬಟ್ಟೆ ಸಮೇತ ಬಿದ್ದೆವು ಇಬ್ಬರೂ.
ಕಾದ ಹೆಂಚಿನಂಥ ಮೈ
ಚುರ್ರೆಂದಿತೇನೋ, ಕೇಳಿಸಲಿಲ್ಲ.

ಅವಳು ದಡದಲ್ಲೇ ಕೂತು
ಖರ್ಜೂರದ ಗಂಟು ಬಿಚ್ಚಿದಳು.
"ಈಜು ಬರೋಲ್ಲ ನನಗೆ. ಹೊತ್ತದ್ದಷ್ಟೇ ಈ ನೀರು,
ದಿನಕ್ಕೆರಡು ಸಲ, ಮದುವೆವರೆಗೂ."
ಮತ್ತೆ ನನ್ನತ್ತ ಬೆರಳು ಮಾಡಿ:
"ಈಗ ತೇಲ್ತಿದ್ದೀಯಲ್ಲ, ಸರಿಯಾಗಿ ಅದರ ಕೆಳಗೆ
ಒಂಟೆಯ ಮೊಣಕಾಲಿನಂಥ ಕಲ್ಲಿದೆ.
ಮಳೆ ಮರೆತ ವರ್ಷ ಅದರ ಮೇಲೆ ಕೂತು
ತಗಡಿನ ಡಬ್ಬಿಯಲ್ಲಿ ಮೊಗೆದಿದ್ದೇವೆ, ಸರದಿ ಪ್ರಕಾರ,
ಒಂದು ತೊಗಲುಚೀಲಕ್ಕೆ
ಅರ್ಧ ರಾತ್ರಿ."

ಉಸಿರು ಕಟ್ಟಿ ಇಳಿದೆ.
ಕಿವಿ ನೋಯುವಷ್ಟು ಆಳ, ಇನ್ನೂ ಆಳ,
ಕೈಗೆ ಹತ್ತಿತು:
ನುಣುಪು, ನಡುವೆ ಸ್ವಲ್ಪ ತಗ್ಗು,
ಈಗಷ್ಟೇ ಯಾರೋ ಎದ್ದು ಹೋದ ಹಾಗೆ.

ಮೇಲೆ ಬಂದು ಹೇಳೋಣವೆಂದರೆ
ನಮ್ಮ ಖಾಲಿ ಬಾಟಲಿಗೆ ನೀರು ತುಂಬುತ್ತಿದ್ದಳು,
ಅಷ್ಟು ನೀರಿನ ದಡದಲ್ಲಿ
ಒಂದು ಹನಿ ಚೆಲ್ಲದ ಹಾಗೆ.