ಹಾಜರಿ ಹಾಳೆ

ಹೊಳಗುಂದದಲ್ಲಿ ಆಗ
ಬೆವರೂ ಶೇಂಗಾ ಎಣ್ಣೆಯ ವಾಸನೆ ಹೊಡೆಯುತ್ತಿತ್ತು.
ಮೂರು ಮಿಲ್ಲು, ಒಂದು ಸೈರನ್ನು,
ಊರಿಗಿಂತ ಎತ್ತರ ಸಿಪ್ಪೆಯ ಗುಡ್ಡೆ.

ಕಾರಹುಣ್ಣಿವೆಗೆ ಎಂಟು ದಿನ ಇರುವಾಗ
ಮಟಮಟ ಮಧ್ಯಾಹ್ನ ಆಕಾಶ
ಹಿಂಡಿಯ ಬಣ್ಣಕ್ಕೆ ತಿರುಗಿತು.
‘ದೆವ್ವಗಾಳಿ, ಥೂ ಅಂತ ಉಗುಳ್ರಿ, ಹೋಗ್ತದ’
ಅಂದಳು ಮಹಾಬುನ್ನಿ, ಮೊರ ಕೆಳಗಿಡದೆ.

ಹೋಗಲಿಲ್ಲ.
ಮಿಲ್ಲಿನ ಅಂಗಳದಲ್ಲೇ ಕಾಲೂರಿ
ಗಾಣದ ಹಾಗೆ ತಿರುಗಿತು.
ನಾವು ಕಾಳು.

ತಗಡು ಹಾರಿತು, ಚಿಮಣಿ ಮಲಗಿತು.
ನನಗೆ ಒಂಬತ್ತು ವರ್ಷ, ಹಿಂಡಿಚೀಲಗಳ ಸಂದಿನಲ್ಲಿದ್ದೆ,
ಬಾಯಿ ತುಂಬ ಸಿಪ್ಪೆ.
ಎದ್ದು ನೋಡಿದರೆ ಚರಂಡಿ ತುಂಬ ಎಣ್ಣೆ,
ಯಾರೋ ಆಗಲೇ ತಂಬಿಗೆ ಅದ್ದುತ್ತಿದ್ದರು.
ಅಪ್ಪನೂ ಅದ್ದಿದ.
ದೀಪಾವಳಿವರೆಗೆ ಅದರಲ್ಲೇ ಒಗ್ಗರಣೆ.

ಸಾವುಕಾರ ಲೆಕ್ಕ ಕೊಟ್ಟ:
ಡಬ್ಬಿ ನಾನೂರ ಹನ್ನೆರಡು,
ಸುಲಿಯುವ ಶೆಡ್ಡಿನಲ್ಲಿ ಆಳು ಹನ್ನೊಂದು.
ಮಿಕ್ಕವರು ಅವತ್ತು ಬಂದೇ ಇಲ್ಲ,
ಹಾಜರಿ ಪುಸ್ತಕ ನೋಡೋಣವೆಂದರೆ
ಅದೂ ಗಾಳಿಯ ಪಾಲು.

ನಾಲ್ಕನೆಯ ದಿನ ಹಗರಿ ದಾಟಿ ಬಂದ
ಒಬ್ಬ ಕುರಿಗಾರ, ಉರುಕುಂದಪ್ಪ.
ಓದು ಬಾರದು. ಜಾಲಿಮುಳ್ಳಿಗೆ ಸಿಕ್ಕಿತ್ತಂತೆ,
ಯಾರದೋ ಇದ್ದೀತೆಂದು ರುಮಾಲಿನಲ್ಲಿ ಮಡಚಿ ತಂದಿದ್ದ
ಒಂದೇ ಹಾಳೆ.

ಹೆಸರು ತೆಲುಗಿನಲ್ಲಿ, ಎದುರಿಗೆ ಹೆಬ್ಬೆಟ್ಟು.
ಎಣ್ಣೆಗೆ ನೆನೆದು
ಹಿಂದಿನ ಮಗ್ಗುಲೂ ಮುಂದೆಯೇ ಕಾಣುತ್ತಿತ್ತು.
ಮೇಷ್ಟ್ರು ಪಾರ್ಥಾಚಾರ್ ಸಾವುಕಾರನ ಕಟ್ಟೆಯ ಮೇಲೇ ನಿಂತು
ಗಟ್ಟಿಯಾಗಿ ಓದಿದರು.
ಹತ್ತೊಂಬತ್ತು.

ಹದಿನಾರನೆಯದು ಅವ್ವ.
ನೀಲಿ ಮಸಿಯ ಸುಳಿ,
ಸುಳಿಯ ನಟ್ಟನಡುವೆ
ಕುಡುಗೋಲಿನ ಹಳೇ ಗೀರು.