ತಣ್ಣಗಿದ್ದಾಗ ಬರ್ತೀವಿ

ಬಾನೆಟ್ ಮೇಲೆ ಅಂಗೈ ಇಟ್ಟ ಮಸ್ತಾನ್‌ವಲಿ,
ಜ್ವರ ನೋಡೋ ಹಾಗೆ.
"ಬೆಚ್ಚಗೈತೆ. ನಾವು ಬರೋಕೆ ಮುಂಚೆ
ಇದನ್ನ ಎಬ್ಸಿದ್ದು ಯಾರು?"

ಎರ್ರಿಸ್ವಾಮಿ ನಕ್ಕರು. ನೀವು ಬರೋರಿದ್ರಲ್ಲ, ಒಂದು ಸುತ್ತು ಅಷ್ಟೇ.
"ನಾಳೆ ಬರ್ತೀವಿ, ತಣ್ಣಗಿದ್ದಾಗ.
ಕೀಲಿ ಮುಟ್ಟಬ್ಯಾಡ್ರಿ."

ಐದೂವರೆ. ಕೌಲ್ ಬಜಾರಿನ ಗಲ್ಲಿಯಲ್ಲಿ
ಹಾಲಿನ ಕ್ಯಾನಿನ ಸದ್ದು ಬಿಟ್ಟರೆ ಏನಿಲ್ಲ.
ಮೀಟರಿನಲ್ಲಿ ನಲವತ್ತೊಂದು ಸಾವಿರ;
ಕ್ಲಚ್ಚಿನ ಸವೆದ ರಬ್ಬರು ಬೇರೆ ಲೆಕ್ಕ ಹೇಳುತ್ತದೆ.
ಏರ್ ಫಿಲ್ಟರ್ ಬಿಚ್ಚಿ ಬಡಿದರೆ
ಸಂಡೂರೇ ಉದುರಿತು, ಕೆಂಪಗೆ, ಚಪ್ಪಲಿ ಮೇಲೆ.
ಆಯಿಲ್ ಮುಚ್ಚಳದಡಿ ಬೆಣ್ಣೆ ಕಟ್ಟಿದೆಯಾ ಅಂತ
ಬೆರಳಾಡಿಸಿದ: ಇಲ್ಲ, ಬದುಕಿದೆವು.
ಕೂಲಂಟ್ ಡಬ್ಬಿಯ ಕೆಂಪು ತುಕ್ಕಿನದೋ ಧೂಳಿನದೋ
ಈ ಬಳ್ಳಾರಿಯಲ್ಲಿ ಹೇಳೋದು ಕಷ್ಟ.

"ಈಗ ತಿರುಗ್ಸಿ ಮೇಡಂ."
ತಗಡಿನ ಡಬ್ಬೀಲಿ ಗೋಲಿ ಅಲ್ಲಾಡಿಸಿದಂತೆ
ಮೂರು ಸೆಕೆಂಡು.
ಆಮೇಲೆ ಹಾಲು ಕುಡಿದ ಬೆಕ್ಕು.
ಹಿಂದೆ ನೀಲಿ ಹೊಗೆಯ ಒಂದೆಳೆ, ಅದೂ ಮಾಯ.

"ಚೈನ್ ಸಡಿಲ. ಕಡಿದರೆ ಎಂಜಿನ್ನೇ ಹೋಯ್ತು.
ಬೆಚ್ಚಗಿದ್ದಿದ್ರೆ ಬಾಯಿ ಬಿಡ್ತಿರ್ಲಿಲ್ಲ."

ಎರ್ರಿಸ್ವಾಮಿ ಬನಿಯನ್ನಲ್ಲಿ ನಿಂತಿದ್ದರು.
ಅವರಿಗೆ ಗೊತ್ತಿತ್ತು.
ಎಷ್ಟು ಮುಂಜಾನೆ ಒಬ್ಬರೇ ಕೇಳಿಸಿಕೊಂಡಿದ್ದರೋ
ಆ ಮೂರು ಸೆಕೆಂಡು.
"ಎಷ್ಟು ಬಿಡ್ಲಿ?" ಅಂದರು ಮೆಲ್ಲಗೆ,
ಮಾರುವವರ ದನಿಯಲ್ಲಿ ಅಲ್ಲ.

ಡಿಪ್‌ಸ್ಟಿಕ್ಕನ್ನು ಲುಂಗಿಗೆ ಒರೆಸುತ್ತ
ಮಸ್ತಾನ್ ಬಾಯಲ್ಲೇ ಲೆಕ್ಕ ಹಾಕುತ್ತಿದ್ದ.
ನಾನು ಸೀಟಿನಿಂದ ಇಳಿದೆ.
ಮೊಣಕಾಲು ಕಟಕ್ ಅಂತು.
ಎಂಜಿನ್ ಇನ್ನೂ ಓಡುತ್ತಿತ್ತು,
ಯಾರಿಗೂ ಕೇಳಿಸಲಿಲ್ಲ.